ಶೇಕಡಾ ಐವತ್ತೆರಡು

ಟಾಸಿಗೆ ಇನ್ನೂ ಮುಕ್ಕಾಲು ಗಂಟೆ.
ಪೆವಿಲಿಯನ್ನಿನ ಹಿಂದೆ, ಚಹಾದ ಮೇಜಿನ ಮೇಲೆ
ಬ್ಯಾಟುಗಳು ಸಾಲಾಗಿ ಮಲಗಿವೆ
ಶುಕ್ರವಾರದ ಅಂಗಡಿಯ ಮೀನಿನ ಹಾಗೆ.
ಕನ್ನಡಕ ಒರೆಸಿ ಗೇಜು ತೆಗೆಯುತ್ತೇನೆ:
ಅಂಚು ನಲವತ್ತು, ಬೆನ್ನಿನ ಉಬ್ಬು ಅರವತ್ತೇಳು,
ಅಗಲ ನೂರೆಂಟು, ಎಲ್ಲ ಮಿಲಿಮೀಟರು.
ಆ ನೂರೆಂಟಕ್ಕೆ ಈ ಲೀಗಿನಲ್ಲಿ
ನೂರೆಂಟು ನೆವ ಕೇಳಿದ್ದೇನೆ:
ಎಣ್ಣೆ ಕುಡಿದು ಊದಿತು ಸ್ವಾಮಿ,
ರಾತ್ರಿ ಕಾರಿನಲ್ಲೇ ಉಳಿದು ಥಂಡಿ ಹಿಡಿಯಿತು.
ತೂರಿದರೆ ಆಟ. ಸಿಕ್ಕಿಕೊಂಡರೆ ಚೀಲ.

ಮೂವತ್ತೊಂದು ವರ್ಷ
ಈ ಯಾರ್ಕ್‌ಶೈರ್ ಕಣಿವೆಯ ತೂಕ ಅಳತೆಯವನಾಗಿದ್ದೆ ನಾನು.
ಕಸಾಯಿಯ ತಕ್ಕಡಿ, ಪಬ್ಬಿನ ಲೋಟ, ಕಲ್ಲಿದ್ದಲ ಮೂಟೆ,
ಎಲ್ಲಕ್ಕೂ ನನ್ನ ಮುದ್ರೆ.
ಮಿಠಾಯಿ ಮಾರುವ ವಿಧವೆ ಆಟಿವೆಲ್‌ಳ ತಕ್ಕಡಿ
ಅರ್ಧ ಔನ್ಸು ಸುಳ್ಳು ಹೇಳುತ್ತಿತ್ತು,
ಅವಳ ಗಂಟಿಗೇ ನಷ್ಟ, ಮಕ್ಕಳ ಕೈಗೆ ಹೆಚ್ಚು.
ಅದನ್ನೂ ತಿರಸ್ಕರಿಸಿದೆ. ತಪ್ಪು ಯಾವ ಕಡೆ ವಾಲಿದರೂ ತಪ್ಪೇ.
ಹೊಸ ತಕ್ಕಡಿ ಬಂತು.
ಆ ಬೀದಿಯ ಮಕ್ಕಳು ಈಗ ಅಜ್ಜಂದಿರು,
ನನ್ನನ್ನು ಕಂಡರೆ ಇವತ್ತಿಗೂ ಕತ್ತು ಮಾತ್ರ ಆಡಿಸುತ್ತಾರೆ.

ಕೊನೆಯದು ಜಮುರ್ರದನ ಬ್ಯಾಟು.
ಉದ್ದ ಹಿಡಿ, ಗಿಡ್ಡ ಅಲಗು.
"ಬ್ಯಾಟೋ, ದೋಣಿಯ ಹುಟ್ಟೋ?" ಎಂದ ಗ್ಲೆಡ್‌ಹಿಲ್,
ಎದುರು ತಂಡದ ನಾಯಕ, ನಗದೆ.
ಇಪ್ಪತ್ತೆರಡು ವರ್ಷ ರಾತ್ರಿಪಾಳಿ,
ಉಣ್ಣೆ ಬಾಚುವ ಯಂತ್ರಕ್ಕೆ ಬಗ್ಗಿ ಬಗ್ಗಿ
ಜಮುರ್ರದನ ಬೆನ್ನು ಈಗ ಯಾರಿಗೂ ಬಗ್ಗುವುದಿಲ್ಲ.
ನಿಂತಲ್ಲೇ ಚೆಂಡು ಸಿಗಲಿ ಎಂದು
ಪಕ್ಕದ ಮನೆಯ ವಿನಿಫ್ರೆಡ್, ಕುರ್ಚಿ ರಿಪೇರಿಯವಳು,
ಹೆರೆದು ಹೆರೆದು ಮಾಡಿಕೊಟ್ಟದ್ದು.

ಗೇಜಿನೊಳಗೆ ಬೆಣ್ಣೆಯಂತೆ ಜಾರಿತು.
ಆದರೆ ನಿಯಮಕ್ಕೆ ಇನ್ನೊಂದು ಕಣ್ಣಿದೆ:
ಒಟ್ಟು ಉದ್ದದಲ್ಲಿ ಹಿಡಿಯ ಪಾಲು
ಶೇಕಡಾ ಐವತ್ತೆರಡು ಮೀರಕೂಡದು.
ಟೇಪು ಎಳೆದೆ. ಒಟ್ಟು ಒಂಬೈನೂರ ಅರವತ್ತೈದು,
ಕಟ್ಟಕಡೆಯ ಗಡಿ. ಹಿಡಿ ಐನೂರ ಮೂರು.
ಲಾಟರಿ ಚೀಟಿಯ ಬೆನ್ನಿಗೆ ಮೋಟು ಪೆನ್ಸಿಲಿನಲ್ಲಿ ಭಾಗಿಸಿದೆ.
ಎಳ್ಳಷ್ಟು ಹೆಚ್ಚು.

"ಬೆನ್ನು ಎಷ್ಟು ಬಗ್ಗಬೇಕು ಅಂತಲೂ ಬರೆದಿದೆಯಾ ಅದರಲ್ಲಿ?"
ಜಮುರ್ರದ್ ಕೇಳಿದ್ದು ಸಿಟ್ಟಿನಿಂದಲ್ಲ,
ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ.
ಪುಟ ತಿರುವಿದೆ. ಇರಲಿಲ್ಲ.

ವಿನಿಫ್ರೆಡ್ ಕಾರಿನಿಂದ ಗರಗಸ ತಂದಳು.
"ಎಷ್ಟು?"
ಒಂದೂವರೆ ಸಾಕು ಎಂದ ಗ್ಲೆಡ್‌ಹಿಲ್, ಉದಾರಿ.
ಇಲ್ಲ, ಎಂದೆ. ಹಿಡಿ ಕೊಯ್ದರೆ ಬ್ಯಾಟೂ ಕುಗ್ಗುತ್ತದೆ,
ಒಟ್ಟು ಇಳಿದರೆ ಪಾಲಿನ ಮಿತಿಯೂ ಇಳಿಯುತ್ತದೆ.
(ಗಿರಣಿ ಮುಚ್ಚಿದ ಈ ಊರಿಗೆ
ಆ ಲೆಕ್ಕ ಬಿಡಿಸಿ ಹೇಳಬೇಕಿರಲಿಲ್ಲ.)
ಎರಡು ತೆಗೆದರೂ ಕೂದಲೆಳೆ ಹೊರಗೆ.
ಮೂರು ತೆಗೆದರೆ ಐನೂರಕ್ಕೆ ಒಂಬೈನೂರ ಅರವತ್ತೆರಡು.
ಒಳಗೆ.

ರಬ್ಬರು ಸುರುಳಿ ಕೆಳಗೆ ಸರಿಸಿ, ಉಸಿರು ಬಿಗಿಹಿಡಿದು ಕೊಯ್ದಳು.
ಬೆತ್ತದ ಬಿಲ್ಲೆಯೊಂದು
ಸ್ಕೋನುಗಳ ತಟ್ಟೆಗೆ ಉರುಳಿ ಬಿತ್ತು.
ಹೊಟ್ಟನ್ನು ಯಾರೋ ಜಾಮಿನಿಂದ ಊದಿದರು.

ನಾಲ್ಕನೆಯವನಾಗಿ ಬಂದ. ನೆಟ್ಟಗೆ ನಿಂತ,
ಬೇಲಿಗೂಟದ ಹಾಗೆ.
ಮೊದಲ ಚೆಂಡನ್ನು ತಳ್ಳಿದ ಸದ್ದು
ಕಲ್ಲುಗೋಡೆಯಾಚೆಯ ಕುರಿಗಳಿಗೂ ಕೇಳಿಸಿರಬೇಕು,
ಎರಡು ತಲೆಯೆತ್ತಿದವು.
ಏಳು ರನ್ನು. ಆಮೇಲೆ ಕಾಲಿಗೆ ತಗಲಿತು.
ಗ್ಲೆಡ್‌ಹಿಲ್ ಕೂಗಿದ, ಹತ್ತು ಜನ ಕೂಗಿದರು.
ಎತ್ತಿದೆ.
ಬೆರಳಿಗೆ ಗೇಜಿಲ್ಲ.

ರಾತ್ರಿ ಕೋಟು ತೂಗುಹಾಕುವಾಗ
ಜೇಬಿನಲ್ಲಿ ಆ ಬಿಲ್ಲೆ. ಯಾವಾಗ ಎತ್ತಿಕೊಂಡೆನೋ.
ಅಡುಗೆಮನೆಯ ದೀಪದಡಿ ಹಿಡಿದು ಅಳೆದೆ.
ಮೂರೂವರೆ.
ಗರಗಸ ತಿಂದದ್ದು ಬೇರೆ.