ಪಿನ್ನನ್ನು ಓರೆ ಹಿಡಿದರೆ

ಗೋಣಿಕೊಪ್ಪದ ಶಿಹಾಬನ ಅಂಗಡಿಯಲ್ಲಿ
ಸಾವಿರದ ಎಂಟುನೂರು ಕೊಟ್ಟು ತಂದದ್ದು,
ಬ್ಲೂಟೂತು. ಸೋಪಿನ ಡಬ್ಬಿಯಂಥ ಮನೆ, ಒಳಗೆ
ಎರಡು ಬಿಳಿ ಹಲಸಿನ ಬೀಜ.
"ವೈರಿನ ಕಾಲ ಮುಗೀತು ಮೇಡಂ," ಅಂದ,
ತನ್ನ ಕಿವಿಗೆ ಮಾತ್ರ ಕರೀ ವೈರು ಸಿಕ್ಕಿಸಿಕೊಂಡೇ.

ನನ್ನದು ಕಿವಿಯ ಕೂಲಿ.
ಯಾರೋ ಹಾಡಿದ್ದನ್ನು ಕೇಳಿ ಅಕ್ಷರಕ್ಕಿಳಿಸುವುದು,
ಪುಟಕ್ಕೆ ನಲವತ್ತು.
ನಾಪೋಕ್ಲಿನ ಮದುವೆಮನೆಯವರು ಕಳಿಸಿದ್ದರು ಒಂದು ವಿಡಿಯೊ:
ಹನ್ನೊಂದು ನಿಮಿಷದ ಪಾಟ್, ದುಡಿ ಹಿಡಿದವರ ಸಾಲು.
ಮೊಬೈಲು ಹಿಡಿದವನ ಹೆಬ್ಬೆರಳು ಅರ್ಧ ಪರದೆ ನುಂಗಿ
ಕಾಣುವುದು ಬರೀ ಕುಪ್ಯದ ಅಂಚು, ಚೇಲೆಯ ಕೆಂಪು,
ಒಂದು ಕೈ.

ಕೇಳಿದೆ. ಚೊಕ್ಕಟ.
ಅಷ್ಟು ಚೊಕ್ಕಟ ದನಿ
ಈ ಸೀಮೆಯ ಯಾವ ಗಂಟಲಿನಿಂದಲೂ ಬಂದದ್ದಿಲ್ಲ.
ದುಡಿ ಮಾತ್ರ
ಖಾಲಿ ನೀರಿನ ಟ್ಯಾಂಕನ್ನು ಮಕ್ಕಳು ಬಡಿದ ಹಾಗೆ.
ಮತ್ತೆ ಆ ಕೈ: ಮೊದಲು ಬೀಳುತ್ತದೆ ಚರ್ಮದ ಮೇಲೆ,
ಆಮೇಲೆ, ಒಂದು ರೆಪ್ಪೆಯಷ್ಟು ತಡವಾಗಿ,
ಸದ್ದು, ಬಸ್ಸು ತಪ್ಪಿಸಿಕೊಂಡು ಬಂದ ನೆಂಟನಂತೆ.

ಹಾಳೆಯ ನೆತ್ತಿಗೆ ಬರೆದೆ: ಹಾಡುವವರು, ಮೂವರು.

ಬರೆದ ಮೇಲೆ ಕೈ ತಡೆಯಿತು.
ಇಬ್ಬರು ಎತ್ತುತ್ತಾರೆ ಸಾಲು, ಇಬ್ಬರು ತಿರುಗಿ ಅನ್ನುತ್ತಾರೆ,
ಲೆಕ್ಕ ಯಾವತ್ತೂ ನಾಲ್ಕು.
ಮೂರು ಕಾಲಿನ ಮಂಚವೇ ಇವರದು?

ಆ ಹೊತ್ತಿಗೆ ಬಲಗಿವಿಯ ಬೀಜ
ತನ್ನ ಸಾವಿನ ಸುದ್ದಿಯನ್ನು ತಾನೇ ಇಂಗ್ಲಿಷಿನಲ್ಲಿ ಹೇಳಿ ಸತ್ತಿತು.
ಮೇಜಿನ ಖಾನೆ ತಡಕಿದೆ. ಹಳೇ ವೈರು,
ಕುತ್ತಿಗೆಗೆ ಬ್ಯಾಂಡೇಜು ಸುತ್ತಿಕೊಂಡದ್ದು.
ಪಿನ್ನನ್ನು ಓರೆ ಹಿಡಿದರಷ್ಟೇ ಎರಡೂ ಕಿವಿ,
ಬಿಟ್ಟರೆ ಎಡಗಡೆ ಮಾತ್ರ, ಅಲುಗಿದರೆ ಕರಕರ,
ರವಿಕೆಗೆ ಉಜ್ಜಿದರೆ ಹಂಚಿನ ಮೇಲೆ ಬೆಕ್ಕು ಓಡಿದ ಸದ್ದು.
ಅದನ್ನು ಹೊಗಳಲು ಹೊರಟವಳಲ್ಲ ನಾನು.

ಆದರೆ ಓರೆ ಹಿಡಿದು ಕೂತಾಗ
ಮೊದಲು ಬಂದದ್ದು ಉಸಿರು,
ಸಾಲಿಗೆ ಮುಂಚೆ ಯಾರೋ ಎಳೆದುಕೊಂಡದ್ದು.
ದುಡಿಯ ಹಗ್ಗ ಬಿಗಿದ ಕಿರುಗುಟ್ಟು.
ಹಿಂದೆಲ್ಲೋ ಪಾತ್ರೆ, ಪಂದಿಕರಿಗೆ ಉಪ್ಪು ಹಾಕಿತ್ತಾ ಎಂದು ಕೇಳುವ ಹೆಂಗಸು.
ಆಮೇಲೆ, ಮೂರು ದನಿಗಳ ಅಡಿಯಲ್ಲಿ,
ಅಕ್ಕಿಮೂಟೆಯ ಕೆಳಗಿನ ಹಲಗೆಯ ಹಾಗೆ
ಒಂದು ತಗ್ಗು ದನಿ. ಹಲ್ಲಿಲ್ಲದ್ದು.
ಎರಡು ಕಡೆ ಶಬ್ದ ನುಂಗಿ,
ಒಂದು ಕಡೆ ಮದುಮಗಳ ಊರಿನ ಹೆಸರನ್ನೇ ತಪ್ಪಿ,
ಹೊತ್ತುಕೊಂಡೇ ಇತ್ತು.

ಬುಧವಾರ ನಾಪೋಕ್ಲಿನ ಬಸ್ಸು ಹತ್ತಿದೆ.
ಮುದ್ದಯ್ಯಜ್ಜ ಕೆಟ್ಟು ನಿಂತ ಜೀಪಿನ ಬಾನೆಟ್ಟಿನ ಮೇಲೆ
ಒಳ್ಳೆಮೆಣಸು ಹರವುತ್ತಿದ್ದರು.
ಎಡಗಿವಿ ಕೋವಿಗೆ ಕೊಟ್ಟಾಗಿದೆ, ಬಲದ್ದಕ್ಕೆ ಹೇಳು, ಎಂದರು.
ಮೊದಲು ಬೀಜ ಇಟ್ಟೆ.
ತಲೆದೂಗಿದರು: "ಚೆನ್ನಾಗಿ ಹಾಡಿದ್ದಾರೆ ಹುಡುಗರು."
ಆಮೇಲೆ ವೈರು. ಲ್ಯಾಪ್‌ಟಾಪನ್ನು ಮೆಣಸಿನ ಪಕ್ಕಕ್ಕಿಟ್ಟು
ಪಿನ್ನನ್ನು ಓರೆ ಹಿಡಿಯಲೇಬೇಕಲ್ಲ, ಹಿಡಿದು ನಿಂತೆ,
ಹೆಬ್ಬೆರಳಿಗೆ ಜೋಮು ಹತ್ತುವ ತನಕ.

ಮೂರನೇ ನಿಮಿಷಕ್ಕೆ ಮುಖ ಹುಳಿಯಾಯಿತು.
"ಇದರಲ್ಲಿ ನಾನು ತಪ್ಪಿದ್ದೆಲ್ಲ ಕೇಳಿಸುತ್ತೆ," ಅಂದರು.
"ಮದುವೆಮನೆಯವರಿಗೆ ಆ ಬಿಳಿಯದ್ದನ್ನೇ ಕೊಡು."
ಆದರೂ ಕಿವಿಯಿಂದ ತೆಗೆಯಲಿಲ್ಲ.

ನನಗೋ, ಹಾಡಿನ ಒಂದಕ್ಷರವೂ ಇಲ್ಲ.
ನೋಡುತ್ತಿದ್ದೆ, ಅಷ್ಟೆ: ಬಾನೆಟ್ಟಿನ ತಗಡಿಗೆ
ಅವರ ಬೆರಳು ಬೀಳುವುದು,
ಬಿದ್ದಲ್ಲೇ ಸದ್ದಾಗುವುದು,
ಮೆಣಸಿನ ಕಾಳು ಒಂದೊಂದೇ ನೆಗೆಯುವುದು.