ಇಸ್ತ್ರಿ ಗೆರೆ

ಸರ್ಕಾರ ಅಲ್ಲಾಡ್ತಿದೆ ಅಂತ
ಪೇಪರಿಗಿಂತ ಒಂದು ದಿನ ಮುಂಚೆ
ನನಗೆ ಗೊತ್ತಾಗುತ್ತೆ ಸ್ವಾಮಿ.
ಆಡುಗೋಡಿ ಕ್ವಾರ್ಟರ್ಸಿನಿಂದ
ಖಾಕಿ ಗಂಟು ಬರೋದು ನಿಂತುಬಿಡುತ್ತೆ.

ಮೂರು ದಿನ, ನಾಲ್ಕು ದಿನ.
ಇದ್ದಿಲು ಸುಮ್ಮನೆ ಬೂದಿಯಾಗುತ್ತೆ.
ಅಲ್ಲೆಲ್ಲೋ ದೇವನಹಳ್ಳಿ ಆಚೆ
ಈಜುಕೊಳ ಇರೋ ರೆಸಾರ್ಟಿನ ಗೇಟಲ್ಲಿ
ಒಂದೇ ಅಂಗಿಯಲ್ಲಿ ನಿಂತಿರ್ತಾರೆ ನಮ್ಮ ಹುಡುಗರು,
ಶಾಸಕರು ಹೊರಗೆ ಹೋಗದ ಹಾಗೋ
ಜನ ಒಳಗೆ ಬರದ ಹಾಗೋ,
ಗುರುಬಸಯ್ಯನಿಗೂ ಗೊತ್ತಿಲ್ಲ.
"ಗೇಟಿಗೆ ನಿಲ್ಲು ಅಂದ್ರು.
ಯಾವ ಕಡೆ ಮಾರಿ ಮಾಡಿ ಅಂತ ಹೇಳ್ಲಿಲ್ಲ ನೋಡ್ರಿ."

ಆಮೇಲೆ ಒಂದು ಬೆಳಿಗ್ಗೆ ಎಲ್ಲಾ ಒಟ್ಟಿಗೆ ಬರುತ್ತೆ,
ಒಗೆದರೂ ಹೋಗದ ಉಪ್ಪಿನ ನಕ್ಷೆ ಹೊತ್ತ ಬೆನ್ನುಗಳು.
ಅಂದರೆ ಪ್ರಮಾಣವಚನ.
ನಾಳೆ ಪರೇಡು, ಗೆರೆ ಚಾಕುವಿನ ಹಾಗಿರಬೇಕು.
ಹದಿನಾರು ತಿಂಗಳಲ್ಲಿ ಮೂರು ಸಲ.
ಗೆರೆ ಅದೇ.

ಈ ಪೆಟ್ಟಿಗೆ ನಮ್ಮ ತಾತನದು.
ಹಿತ್ತಾಳೆ, ಚಿಲಕದ ಮೇಲೊಂದು ಹುಂಜ.
ದಂಡಿನಲ್ಲಿ ದೊರೆಗಳ ಪೊಲೀಸು
ಮೊಣಕಾಲ ಮೇಲಿನ ಚಡ್ಡಿ ಹಾಕುತ್ತಿದ್ದ ಕಾಲ.
ಗಂಜಿ ಹಾಕಿದ ಚಡ್ಡಿ ನೆಲದ ಮೇಲಿಟ್ಟರೆ
ತಾನೇ ನಿಲ್ಲಬೇಕು,
ಒಳಗೆ ಮನುಷ್ಯ ಇಲ್ಲದೆಯೂ.
ತಾತ ಹೇಳುತ್ತಿದ್ದ:
ಮನೆಯಲ್ಲಿ ಗಂಜಿಗೆ ಅಕ್ಕಿ ಇರಲಿಲ್ಲ,
ಚಡ್ಡಿ ಉಂಡಿತ್ತು.

ಬಾವುಟ ಬದಲಾದ ದಿನವೂ ಗಂಟು ಬಂತಂತೆ.
ಟೋಪಿಯ ಬಿಲ್ಲೆ ಮಾತ್ರ ಬೇರೆ.

ಇಸ್ತ್ರಿಯವನು ಜೇಬು ನೋಡಲೇಬೇಕು.
ಪತ್ತೇದಾರಿಕೆ ಅಲ್ಲ, ಪೆನ್ನಿದ್ದರೆ ಶಾಯಿ ಕರಗುತ್ತೆ.
ಹೋದ ಸಲ ಗುರುಬಸಯ್ಯನ ಜೇಬಲ್ಲಿ
ನೀರಲ್ಲಿ ನೆನೆದು ಒಣಗಿದ ಚೀಟಿ:
ರೂಮ್ ೧೨, ಸಕ್ಕರೆ ಇಲ್ಲದ ಕಾಫಿ.
ರೂಮ್ ೧೪, ಕಾಲ್ಸೂಪು, ರಾತ್ರಿಗೆ ಮಂಡಿನೋವಿನ ಎಣ್ಣೆ.
ರೂಮ್ ೧೭, ಫೋನ್ ಕೊಡಬಾರದು.
ಅದಕ್ಕೆ ಅಂಟಿಕೊಂಡೇ ಎಂಟು ಮಡಿಕೆಯ ರಜೆ ಅರ್ಜಿ,
ಮಗಳ ಕಿವಿ ಚುಚ್ಚಿಸಲು ಐದು ದಿನ, ಊರು ನರಗುಂದ.
ಇನ್ಸ್‌ಪೆಕ್ಟರ್ ಸಾಹೇಬರ ಹೆಸರು ಹೊಡೆದು ಇನ್ನೊಂದು,
ಅದನ್ನೂ ಹೊಡೆದು ಮತ್ತೊಂದು.
ಸರ್ಕಾರ ಬಿದ್ದಾಗಲೆಲ್ಲ ಸಾಹೇಬರಿಗೆ ವರ್ಗ.
ಕೂಸು ಈಗ ಶಾಲೆಗೆ ಹೋಗುತ್ತಂತೆ
ಬರಿಗಿವಿಯಲ್ಲಿ.
ಅರ್ಜಿಯ ಮೇಲೂ ಒಮ್ಮೆ ಪೆಟ್ಟಿಗೆ ಎಳೆದು, ಮೆಲ್ಲಗೆ,
ಜೇಬಿಗೇ ಇಟ್ಟೆ.

ಇನ್ನೊಂದು ಅಂಗಿ. ಯಾರದು ಅಂತ ಹೇಳಲ್ಲ.
ಹೊಸೂರು ರಸ್ತೆಯಲ್ಲಿ ಗಾರ್ಮೆಂಟ್ಸ್ ಹೆಂಗಸರು
ಬಾಕಿ ಸಂಬಳ ಕೇಳಿ ಕೂತಿದ್ದ ದಿನದ್ದು.
ಗುಂಡಿಗೆ ಸುತ್ತಿಕೊಂಡು ಒಂದೆಳೆ ನೀಲಿ ದಾರ.
ನನ್ನ ಮಗಳು ಯಶೋದೆ ಕೂರುವ ಲೈನಿನಲ್ಲಿ
ಆ ವಾರ ನೀಲಿ ಓಡುತ್ತಿತ್ತು.
ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ.
ನಾಲ್ಕು ದಿನ ಎಡಗೈಯಲ್ಲಿ ಉಂಡಳು.
ಆ ಅಂಗಿಗೂ ಏಳು ರೂಪಾಯಿಯೇ ತಗೊಂಡೆ.

ನಿನ್ನೆ ಹೊಸ ಮಂತ್ರಿ ಈ ದಾರಿಯಲ್ಲಿ ಬರ್ತಾರೆ ಅಂತ
ಗಾಡಿ ಎತ್ತಿಸಲು
ಗುರುಬಸಯ್ಯನನ್ನೇ ಕಳಿಸಿದರು.
ನನ್ನ ಮುಖ ನೋಡಲಿಲ್ಲ. ಹುಂಜವನ್ನು ನೋಡುತ್ತಾ
"ಆ ಕಡಿ ಬಾಜೂಕ ದಬ್ಬೂಣೇನ್ರಿ?" ಅಂದ.
ಆ ಕಡೆ ಬೇರೆ ಠಾಣೆಯ ಸರಹದ್ದು.
ಅಲ್ಲಿನ ಮಾಮೂಲಿನ ರೇಟು ಇನ್ನೂ ಗೊತ್ತಿಲ್ಲ.
ಕೆಂಡ ಆರಿರಲಿಲ್ಲ, ಹಾಗೇ ತಳ್ಳಿದೆ.
ಅವನೂ ಚಕ್ರಕ್ಕೆ ಕೈ ಕೊಟ್ಟ.
ಬೆಳಿಗ್ಗೆ ತಾನೇ ನಾನು ಕೂರಿಸಿದ್ದ ತೋಳಿನ ಗೆರೆ
ಮೊಣಕೈ ಹತ್ತಿರ ಮುರಿಯಿತು.

ಕ್ವಾರ್ಟರ್ಸಿನ ಗೋಡೆ ಮಾತ್ರ ಜೊತೆಗೆ ಬರಲಿಲ್ಲ.
ಎಲ್ಲರ ಬಾಕಿ ಇದ್ದಿಲಲ್ಲಿ ಬರೆದಿದ್ದೆ ಅಲ್ಲಿ.
ಸಂಜೆಯೊಳಗೆ ಸುಣ್ಣ ಹೊಡೆದರು.
ಮಂತ್ರಿ ಬರಲಿಲ್ಲ, ಯಾರೋ ಮತ್ತೆ
ರೆಸಾರ್ಟಿಗೆ ಹೋದರಂತೆ.

ಲೆಕ್ಕ ನನಗೆ ಬಾಯಿಪಾಠ.
ಗುರುಬಸಯ್ಯನದು ಎಂಬತ್ತನಾಲ್ಕು.
ಅವನೇ ಹೇಳಿದ್ದು
ತೊಂಬತ್ತೊಂದು.