ಮೊದಲ ನಾಲ್ಕು ಸೆಕೆಂಡು

ಮುಳಗುಂದ ನಾಕಾದಾಗ ನಂದೊಂದು ಅಂಗಡಿ.
ಅಗಲ ಎಷ್ಟಂದ್ರ, ಗಿರಾಕಿ ಒಳಗ ಬಂದ್ರ
ನಾ ಹೊರಗ ನಿಲ್ಲಬೇಕು.
ಚಿಪ್ಪಿಗೆ ಹಾಡು ತುಂಬತೀನಿ,
ಎಂಟು ಜಿಬಿಗೆ ಐವತ್ತು ರೂಪಾಯಿ.
ಡೊಳ್ಳಿನ ಪದ, ಭಜನಿ, ಹೊಸಾ ಪಿಚ್ಚರು:
ಶುಕ್ರವಾರ ಟಾಕೀಸಿಗೆ ಬಂದದ್ದು
ಶನಿವಾರ ಸಂಜಿಕ ನನ್ನ ಕಡೆ.
ಯಾರದಿದು ಅಂತ ಒಬ್ಬರೂ ಕೇಳಿಲ್ಲ.
ಕುರಿ ಕಾಯಾಂವ ಕೇಳಿದ್ದು, "ಬನಶಂಕರಿತನಕ ಸಾಲತಾವಿಲ್ಲೋ?"
ಟ್ರ್ಯಾಕ್ಟರಿನ ಹುಡುಗ ಕೇಳಿದ್ದು, "ಬೇಸ್ ಐತೇನ್ರಿ?"

ಒಂದಿನ ಬಾಜೂಕಿನ ಮೌನೇಶ
ನಾ ಚಹಾಕ್ಕ ಹೋದಾಗ ಪೆನ್‌ಡ್ರೈವ್ ಚುಚ್ಚಿ
ನನ್ನ ಫೋಲ್ಡರು ಪೂರಾ ಎತ್ತಿಕೊಂಡ.
ಆರು ವರ್ಷ ಕೂಡಿಸಿದ್ದು, ಕಳ್ಳ ನನ್ನ ಮಗನ,
ಅಂತ ನಾ ಒದರಿದಾಗ ನಾಕಾದ ಮಂದಿ ನಕ್ಕರು.
ಯಾಕಂತ ನನಗ ತಿಳೀಲಿಲ್ಲ.
ಅವತ್ತ ರಾತ್ರಿ ಕುಂತು
ಎಲ್ಲಾ ಹಾಡಿನ ಮೊದಲಿಗೆ ನನ್ನ ದನಿ ಹಚ್ಚಿದೆ:
"ಸಂಗಮೇಶ ಮೊಬೈಲ್ಸ್, ಮುಳಗುಂದ ನಾಕಾ, ಗದಗ."
ನಾಲ್ಕು ಸೆಕೆಂಡು.
ಇನ್ನ ಯಾರರ ಕದೀಲಿ.

ಫಕೀರವ್ವ ಗುಡಿಸಾಗರ ಬಂದದ್ದು ಬುಧವಾರ ಮಧ್ಯಾಹ್ನ.
ಕೈಯಾಗ ಮಗನ ಹಳೇ ಫೋನು, ಗಾಜು ಒಡದದ್ದು.
"ಗೀಗೀ ಪದ ಅದಾವೇನೋ ತಮ್ಮಾ? ನಮ್ಮ ಮೇಳದ್ದು.
ಹುಬ್ಬಳ್ಯಾಗ ಕ್ಯಾಸೆಟ್ ಮಾಡಿದ್ವಿ.
ನನ್ನ ನಡುವಿನ ಮಗ ಹೊಟ್ಟ್ಯಾಗಿದ್ದ."
ಹುಡುಕಿದೆ. ಟ್ರ್ಯಾಕ್ ಏಳು. ಹೆಸರು ಗಿಸರು ಇಲ್ಲ.
ಸ್ಪೀಕರಿಗೆ ಹಚ್ಚಿದೆ.
ಮೊದಲ ನಾನು: ಅಂಗಡಿ, ನಾಕಾ, ಊರು.
ಆಮ್ಯಾಲ ದಪ್ಪು, ತುಂತುಣಿ, ಗಂಡಸಿನ ದನಿ,
ಅವನ ಬೆನ್ನಿಗೆ ಜೀ ಜೀ ಅನ್ನೂ ಒಂದು ಹೆಣ್ಣದನಿ.
ಅಕಿ ಬಟ್ಟು ಎತ್ತಿದಳು. "ಹಿಂದಕ್ಕ ಒಯ್ಯಿ."
ಒಯ್ದೆ.
"ಇನ್ನಾ ಹಿಂದಕ್ಕ."
ಇನ್ನ ಹಿಂದಕ ಇಲ್ಲ ಯವ್ವಾ, ಇದ ಸುರು.
"ಅಲ್ಲ. ಸುರುವಿನಾಗ ನಾ ಒಬ್ಬಾಕೇ ಇದ್ದೆ.
ದಪ್ಪಿಗೆ ಪೆಟ್ಟು ಬೀಳೂಕಿಂತ ಮೊದಲ, ಒಂದ ಉಸರಿನಾಗ.
ಉಳಿದದ್ದೆಲ್ಲಾ ಅವರ ಬೆನ್ನಿಗೆ ಅಂದದ್ದು, ಅದೊಂದು ನಂದು.
ನೀ ಮಾತಾಡತೀಯಲ್ಲ,
ಅದರ ಕೆಳಗ ಐತಿ."

ಕಂಪನಿಯವರು ಎಷ್ಟು ಕೊಟ್ಟಿದ್ರು? ಅಂದೆ.
ನನ್ನ ತಕ್ಕಡಿ ಮ್ಯಾಲೇಳಾಕ ಏನರ ಬೇಕಿತ್ತು.
"ಮೇಳಕ್ಕ ಮುನ್ನೂರು, ಖಾನಾವಳ್ಯಾಗ ಊಟ.
ಡಬ್ಬಿ ಮ್ಯಾಲ ಗಂಡಸರ ಫೋಟೋ.
ಒಂದು ಕೊಳ್ಳಾಕ ಹೋದ್ರ ಇಪ್ಪತ್ತೆರಡು ರೂಪಾಯಿ ಅಂದ್ರು,
ಮುಟ್ಟಿ ನೋಡಿ ಬಂದೆ."
ಹಂಗಾದ್ರ ಅವರೂ ಕಳ್ಳರ, ಅಂತ ನಾ ಹಗುರಾದೆ.
ಒಂದು ಗಳಿಗಿ.
"ಖರೆ," ಅಂದಳು, ಫೋನು ಸೆರಗಿಗೆ ಒರಸಿಕೋತ,
"ಆದ್ರ ಅವರು ನನ್ನ ಮ್ಯಾಲ ಮಾತಾಡಿರಲಿಲ್ಲ."

ರೊಕ್ಕ ಬ್ಯಾಡ ಅಂದೆ.
ಹತ್ತರ ಐದು ನೋಟು, ಎರಡ ಸಲ ಎಣಿಸಿ,
ಮೌಸಿನ ಕೆಳಗ ಇಟ್ಟು ಹೋದಳು.

ಮೂಲ ಪ್ರತಿ ನಾನ ಅಳಿಸೀನಿ, ಜಾಗಾ ಸಾಲದ.
ಹೊಳೆಆಲೂರಿನಿಂದ, ನರಗುಂದದಿಂದ
ಯಾರ ಫೋನಿನಿಂದ ತಿರುಗಿ ಬಂದ್ರೂ
ಮೊದಲ ನಾನ ಬರತೀನಿ, ಅಂಗಡಿ, ನಾಕಾ, ಊರು.
ಕಿವಿಗೆ ಇಯರ್‌ಫೋನ್ ತುರಕಿ ರಾತ್ರಿ ಕೇಳತೀನಿ;
"ಗದಗ" ಅನ್ನೂದರ ಬಾಲಕ್ಕ
ದಾರದ ತುದಿಯಷ್ಟು ಏನೋ ಸಿಗತೈತಿ,
ಜಗ್ಗಿದ್ರ ಬರೂದಿಲ್ಲ.

ಮೌನೇಶನ ಕಡೆ ಇರಬೇಕು.
ಅಂವ ಎತ್ತಿಕೊಂಡದ್ದು ನಾ ದನಿ ಹಚ್ಚೂಕಿಂತ ಮೊದಲ.
ಇಡೀ ಜಿಲ್ಲೆದಾಗ ಸ್ವಚ್ಛ ಇದ್ದದ್ದು ಆ ಕದ್ದ ಮಾಲೊಂದ.

ಮೂರು ವರ್ಷ ಮಾತಿಲ್ಲ ನಮಗ.
ನಿನ್ನೆ ಶಟರ್ ಎಳದು ಅವನ ಕಟ್ಟಿಗೆ ಹೋಗಿ ನಿಂತೆ.
ಒಂದು ಹಾಡು ಬೇಕಿತ್ತು, ಎಷ್ಟ ಆಗಲಿ, ಅಂದೆ.
ಅಂವ ಸ್ಟೂಲು ಸರಿಸಿದ. ಕನ್ನಡಕ ಏರಿಸಿದ.
"ಯಾರದು?" ಅಂದ.